ಫೋಟೋದಲ್ಲಿ ನಗುವ ಪರಮಹಂಸರ ಗಂಟಲಿಗೆ ಆಗಿದ್ದೇನು? ಹದಿನಾರು ತಿಂಗಳ ಕಥೆ

ಗಳಗನಾಥ (ಹಾವೇರಿ): ಕಾಲು ಮಡಚಿ ಕುಂತ ಮನುಷ್ಯ. ಅರ್ಧ ಮುಚ್ಚಿದ ಕಣ್ಣು, ಕುರುಚಲು ಗಡ್ಡ, ಹಲ್ಲು ಚೂರೇ ಚೂರು ಕಾಣುವಂಥ ನಗು. ವರದಾ, ತುಂಗಭದ್ರಾ ಕೂಡುವ ಗಳಗನಾಥದಿಂದ ಹಿಡಿದು ರಾಣೆಬೆನ್ನೂರು, ಬ್ಯಾಡಗಿ ತನಕ ಎಷ್ಟೋ ಮನೆ, ಶಾಲೆಗಳ ಗೋಡೆ ಮೇಲೆ ಈ ಫೋಟೋ ಇದೆ. ರಾಣೆಬೆನ್ನೂರಿನಲ್ಲಂತೂ ಅವರ ಹೆಸರಿನ ಆಶ್ರಮವೇ ಇದೆ. ಜನವರಿ 12 ಬಂತೆಂದರೆ ಶಿಷ್ಯ ವಿವೇಕಾನಂದರ ಫೋಟೋ ಪಕ್ಕದಲ್ಲಿ ಗುರುವಿನ ಫೋಟೋಕ್ಕೂ ಒಂದು ಮಾಲೆ ಬೀಳುತ್ತದೆ.

ಶ್ರೀ ರಾಮಕೃಷ್ಣ ಪರಮಹಂಸರ ಆ ಫೋಟೋ ತೆಗೆದದ್ದು 1883ರಲ್ಲಿ, ಕೋಲ್ಕತ್ತಾ ಹತ್ತಿರದ ದಕ್ಷಿಣೇಶ್ವರದಲ್ಲಿ. ಆಗ ಅವರ ಗಂಟಲಿನ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಮೂರು ವರ್ಷ ತುಂಬುವುದರೊಳಗೆ ಅದೇ ಗಂಟಲಿನ ಕ್ಯಾನ್ಸರ್ ಅವರ ಜೀವ ತೆಗೆಯಿತು. ಮಾಲೆ ಹಾಕುವ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಗೊತ್ತಿದ್ದವರೂ ಮಹಾತ್ಮರ ಲೀಲೆ ಅಂತ ಹೇಳಿ ಮುಂದೆ ಹೋಗುತ್ತಾರೆ. ಆದರೆ ಮೊದಲು ಏನಾಯ್ತು, ಆಮೇಲೆ ಏನಾಯ್ತು, ಯಾರು ಏನಂತ ತಿಳಿದುಕೊಂಡರು ಅನ್ನೋದನ್ನು ಶಿಷ್ಯರು ಬರೆದಿಟ್ಟಿದ್ದಾರೆ. ಸುಮಾರು ನೂರಾ ನಲವತ್ತು ವರ್ಷದ ಹಿಂದಿನ ಆ ಬರಹದಲ್ಲಿ ಗಂಟಲು ಕ್ಯಾನ್ಸರಿನ ಲಕ್ಷಣಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿವೆ.

ಅವರು ಹುಟ್ಟಿದ್ದು 1836ರ ಫೆಬ್ರುವರಿ 18ರಂದು, ಬಂಗಾಳದ ಹೂಗ್ಲಿ ಜಿಲ್ಲೆಯ ಕಾಮಾರಪುಕುರ ಎಂಬ ಹಳ್ಳಿಯಲ್ಲಿ. ಮನೆಯಲ್ಲಿ ಇಟ್ಟ ಹೆಸರು ಗದಾಧರ. ತಂದೆ ಕ್ಷುದಿರಾಮ, ತಾಯಿ ಚಂದ್ರಮಣಿ, ಬಡ ಪೂಜಾರಿ ಮನೆತನ. ಹುಡುಗನಿಗೆ ಶಾಲೆಯ ಲೆಕ್ಕ ತಲೆಗೆ ಹತ್ತಲಿಲ್ಲ. ಹಾಡು, ನಾಟಕ, ಪುರಾಣ ಮಾತ್ರ ಒಮ್ಮೆ ಕೇಳಿದರೆ ಮುಗೀತು, ಬಾಯಿಪಾಠ. ಒಂದು ಶಿವರಾತ್ರಿ ಊರ ನಾಟಕದಲ್ಲಿ ಶಿವನ ವೇಷ ಹಾಕಿ ನಿಂತವನು ಹಾಗೇ ಮೈಮರೆತುಬಿಟ್ಟ, ಆವತ್ತಿನ ಆಟವೇ ನಿಂತುಹೋಯಿತು. ದೊಡ್ಡಾಟ, ಸಣ್ಣಾಟ ನೋಡಿ ಬೆಳೆದ ಈ ಕಡೆಯವರಿಗೆ ಅಂಥ ಹುಡುಗ ಒಬ್ಬನಾದರೂ ನೆನಪಿಗೆ ಬಂದಾನು.

ಅಣ್ಣ ರಾಮಕುಮಾರನ ಹಿಂದೆ ಕೋಲ್ಕತ್ತಾಕ್ಕೆ ಹೋದದ್ದು 1852ರಲ್ಲಿ. ರಾಣಿ ರಾಸಮಣಿ ಗಂಗೆಯ ದಂಡೆ ಮೇಲೆ ಕಟ್ಟಿಸಿದ ದಕ್ಷಿಣೇಶ್ವರದ ಕಾಳಿ ಗುಡಿ 1855ರಲ್ಲಿ ಶುರುವಾಯಿತು. ಮರುವರ್ಷ ಅಣ್ಣ ತೀರಿಕೊಂಡ ಮೇಲೆ ಪೂಜೆ ತಮ್ಮನ ಕೈಗೆ ಬಂತು. ಆಮೇಲಿನ ವರ್ಷಗಳು ಸಾಧನೆಯವು. ಊಟ, ನಿದ್ದೆಯ ಖಬರಿಲ್ಲದ ಪೂಜಾರಿಯನ್ನು ಜನ ಹುಚ್ಚ ಅಂದರು. ಮದುವೆ ಮಾಡಿದರೆ ಸರಿಹೋದೀತು ಅಂತ 1859ರಲ್ಲಿ ಐದು ವರ್ಷದ ಶಾರದೆಯ ಜೊತೆ ಲಗ್ನ ಮಾಡಿದರು. ಸಂಸಾರ ಹೂಡಲಿಲ್ಲ, ಆದರೆ ಈ ಶಾರದಾದೇವಿಯೇ ಕಡೆಗಾಲದಲ್ಲಿ ಅವರ ಬಾಯಿಗೆ ಗಂಜಿ ಹಾಕಿದವರು.

ಪರಮಹಂಸರು ಒಂದೇ ಒಂದು ಪುಸ್ತಕ ಬರೆದವರಲ್ಲ. ಇದ್ದದ್ದೆಲ್ಲ ಮಾತು, ಹಾಡು. 1875ರಲ್ಲಿ ಬ್ರಹ್ಮಸಮಾಜದ ಕೇಶವಚಂದ್ರ ಸೇನರ ಪರಿಚಯವಾದ ಮೇಲೆ ಕೋಲ್ಕತ್ತಾದ ಓದಿದ ಮಂದಿ ಬರಲು ಶುರು ಮಾಡಿದರು. 1881ರಲ್ಲಿ ನರೇಂದ್ರನಾಥ ದತ್ತ ಎಂಬ ಕಾಲೇಜು ಹುಡುಗ ಬಂದ, ಮುಂದೆ ವಿವೇಕಾನಂದರಾದವನು. 1882ರಿಂದ ಮಹೇಂದ್ರನಾಥ ಗುಪ್ತ ಎಂಬ ಶಾಲೆ ಹೆಡ್‌ಮಾಸ್ತರರು ಅವರ ಮಾತುಗಳನ್ನು ಡೈರಿಯಲ್ಲಿ ಬರೆದುಕೊಳ್ಳತೊಡಗಿದರು. ಬೆಳಗಿನಿಂದ ರಾತ್ರಿವರೆಗೆ ಜನ, ಬಂದವರಿಗೆಲ್ಲ ಮಾತು, ನಡುನಡುವೆ ಭಜನೆ. ಬಂಗಾಳದ ಆ ಕಾಲದ ಪದ್ಧತಿಯಂತೆ ಕೋಣೆಯಲ್ಲಿ ಹುಕ್ಕಾ ಕೂಡ ಇತ್ತು, ಸೇದುತ್ತಿದ್ದರು. ಅದರಿಂದಲೇ ಕಾಯಿಲೆ ಬಂತು ಅಂತ ಹೇಳಲು ಬರುವುದಿಲ್ಲ. ಗಂಟಲು ಕ್ಯಾನ್ಸರಿಗೆ ತಂಬಾಕು ಮುಖ್ಯ ಕಾರಣ ಅಂತ ಅವತ್ತಿಗೆ ಯಾರಿಗೂ ಗಟ್ಟಿಯಾಗಿ ಗೊತ್ತಿರಲಿಲ್ಲ, ಅಷ್ಟೇ.

1885ರ ಬೇಸಿಗೆ ಬಂತು. ಆ ವರ್ಷ ಬಿಸಿಲು ಜೋರು. ಭಕ್ತರು ಕೋಲ್ಕತ್ತಾದಿಂದ ಬರ್ಫ ತಂದುಕೊಟ್ಟರು, ಪರಮಹಂಸರು ಅದನ್ನು ಶರಬತ್ತಿಗೆ ಹಾಕಿಕೊಂಡು ಮಕ್ಕಳಂತೆ ಖುಷಿಪಟ್ಟು ಕುಡಿದರು. ಏಪ್ರಿಲ್ ಹೊತ್ತಿಗೆ ಗಂಟಲು ನೋಯಲು ಶುರುವಾಯಿತು. ಬರ್ಫ ತಿಂದದ್ದಕ್ಕೇ ಆಯ್ತು ಅಂತ ಎಲ್ಲರೂ ಅಂದುಕೊಂಡರು. ಒಂದು ವಾರ ಆಯ್ತು, ಎರಡು ವಾರ ಆಯ್ತು, ತಿಂಗಳಾಯ್ತು. ನೋವು ಹೋಗಲಿಲ್ಲ. ಬಹಳ ಮಾತಾಡಿದ ದಿನ ಹೆಚ್ಚಾಗುತ್ತಿತ್ತು. ಡಾಕ್ಟರು ಬಂದು ನೋಡಿ ಹಚ್ಚಲು, ಕುಡಿಯಲು ಔಷಧ ಕೊಟ್ಟರು. ಪಾದ್ರಿಗಳಿಗೆ, ಭಾಷಣ ಮಾಡುವವರಿಗೆ ಬರುವಂಥ ಗಂಟಲು ನೋವು ಇದು, ಮಾತು ಕಡಿಮೆ ಮಾಡಿದರೆ ಹೋಗುತ್ತೆ ಅನ್ನುವುದು ಆಗಿನ ತೀರ್ಮಾನ.

ಕಾರಣ ಎಷ್ಟು ಸಲೀಸಾಗಿ ಸಿಕ್ಕಿತು ನೋಡಿ. ಬರ್ಫ ಸಿಕ್ಕಿತು, ಭಾಷಣ ಸಿಕ್ಕಿತು. ಈ ಕಡೆಯೂ ಕಾರಣಕ್ಕೇನು ಬರವಿಲ್ಲ. ಬ್ಯಾಡಗಿ ಪೇಟೆಯಲ್ಲಿ ದುಡಿಯುವವರಿಗೆ ದನಿ ಒಡೆದರೆ ಮೆಣಸಿನಕಾಯಿ ಘಾಟು. ಗೋವಿನಜೋಳದ ಮಷಿನ್ ಮುಂದೆ ನಿಂತವರಿಗೆ ಧೂಳು. ಹೊಳೆ ದಂಡೆ ಊರಿನವರಿಗೆ ತಂಪು ಗಾಳಿ. ಭಜನಾ ಮೇಳದವರಿಗೆ ರಾತ್ರಿಯೆಲ್ಲಾ ಹಾಡಿದ್ದು. ಘಾಟು ಸುಳ್ಳಲ್ಲ, ಸೀಸನ್ನಿನಲ್ಲಿ ಬ್ಯಾಡಗಿ ರಸ್ತೆಗೆ ಇಳಿದರೆ ಸಾಕು, ಯಾರಿಗಾದರೂ ಸೀನು, ಕೆಮ್ಮು ಬರುತ್ತದೆ. ಆದರೆ ಘಾಟಿನ ಕೆಮ್ಮು, ಶೀತದ ಗಂಟಲು ಎರಡು ವಾರಕ್ಕೆ ಇಳಿಯಬೇಕು. ಮೂರು ವಾರವಾದರೂ ದನಿ ಒಡೆದೇ ಇದ್ದರೆ, ನೋವು ಹಾಗೇ ಇದ್ದರೆ, ಕಾರಣ ಘಾಟು ಅಂತ ಮನೆಯಲ್ಲೇ ತೀರ್ಮಾನ ಮಾಡುವಂತಿಲ್ಲ. ಕಿವಿ, ಮೂಗು, ಗಂಟಲಿನ ಡಾಕ್ಟರು ಒಳಗೆ ಇಣುಕಿ ನೋಡಿಯೇ ಹೇಳಬೇಕು. ಇವತ್ತು ವೈದ್ಯರು ಹಾಕುವ ಗೆರೆ ಇದೇ, ಮೂರು ವಾರ.

ಪರಮಹಂಸರ ಗಂಟಲಿಗೆ ಆ ಗೆರೆ ದಾಟಿದ್ದು 1885ರ ಮೇ ತಿಂಗಳಲ್ಲಿ. ಅದೇ ತಿಂಗಳ ಕೊನೆಗೆ ಪಾಣಿಹಾಟಿಯ ವೈಷ್ಣವ ಜಾತ್ರೆ ಬಂತು. ಹೋಗಬೇಡಿ ಅಂತ ಕೆಲವರು ತಡೆದರು. ಸ್ವಲ್ಪ ಹೊತ್ತು ಇದ್ದು ಬರುತ್ತೇನೆ ಅಂತ ಹೊರಟವರು, ಕೀರ್ತನೆ ಶುರುವಾದ ಮೇಲೆ ಮಳೆ, ಕೆಸರು ಅನ್ನದೆ ತಾಸುಗಟ್ಟಲೆ ಕುಣಿದರು. ಬಂದ ಮೇಲೆ ನೋವು ಜಾಸ್ತಿಯಾಯಿತು. ಡಾಕ್ಟರು ಬೈದರು. ಪರಮಹಂಸರು ಸಣ್ಣ ಹುಡುಗರಂತೆ ಜೊತೆಗಿದ್ದವರ ಮೇಲೆ ತಪ್ಪು ಹಾಕಿದರಂತೆ, ಗಟ್ಟಿಯಾಗಿ ತಡೆದಿದ್ದರೆ ಹೋಗುತ್ತಿರಲಿಲ್ಲ ಅಂತ. ಈಗ ಎಲ್ಲರಿಗೂ ಹೊಸ ಕಾರಣ ಸಿಕ್ಕಿತು, ಮಳೆಯಲ್ಲಿ ನೆನೆದದ್ದು.

ಮಳೆಗಾಲ ನಡೆಯುತ್ತಿದ್ದಂತೆ ಎರಡನೇ ಲಕ್ಷಣ ಬಂತು, ಗಟ್ಟಿ ಪದಾರ್ಥ ಗಂಟಲಲ್ಲಿ ಇಳಿಯದಾಯಿತು. ಅನ್ನ, ಪಲ್ಯ ಬಿಟ್ಟು ಹಾಲು, ರವೆ ಗಂಜಿಗೆ ಬಂದರು. ಇಲ್ಲೊಂದು ಸೂಕ್ಷ್ಮ ಇದೆ. ಊಟ ಇಳಿಯದಿದ್ದರೆ ಮನುಷ್ಯ ತಾನೇ ಹೊಂದಿಕೊಂಡುಬಿಡುತ್ತಾನೆ. ಖಡಕ್ ರೊಟ್ಟಿ ಬಿಟ್ಟು ಮೆತ್ತನ್ನ ರೊಟ್ಟಿ, ರೊಟ್ಟಿ ಬಿಟ್ಟು ಅನ್ನ ಸಾರು, ಆಮೇಲೆ ಬರೀ ಅಂಬಲಿ. ವಯಸ್ಸಾಯ್ತು, ಹಲ್ಲಿಲ್ಲ ಅಂತ ಮನೆಯವರೂ ಸುಮ್ಮನಾಗುತ್ತಾರೆ. ತಾಟಿನಲ್ಲಿ ರೊಟ್ಟಿ ಯಾವಾಗಿನಿಂದ ಉಳಿಯತೊಡಗಿತು ಅನ್ನೋದನ್ನು ಬಡಿಸುವವರೇ ಮೊದಲು ಗಮನಿಸುತ್ತಾರೆ. ಪರಮಹಂಸರ ವಿಷಯದಲ್ಲೂ ಅದನ್ನು ಮೊದಲು ಕಂಡವರು ಅಡಿಗೆ, ಊಟ ನೋಡಿಕೊಳ್ಳುವವರು.

ಮೂರನೆಯದು ರಕ್ತ. ಭಕ್ತೆಯೊಬ್ಬರ ಮನೆಯಲ್ಲಿ ಊಟಕ್ಕೆ ಕರೆದಿದ್ದ ದಿನ ಪರಮಹಂಸರು ಬರಲಿಲ್ಲ, ಗಂಟಲಿನಿಂದ ರಕ್ತ ಬಂದಿದೆ ಅನ್ನೋ ಸುದ್ದಿ ಬಂತು. ಸೇರಿದ್ದವರ ಮಧ್ಯೆ ನರೇಂದ್ರ ಮಾತ್ರ ಬಹಳ ಸಪ್ಪಗಾದ. ಅವನು ಅಷ್ಟರಲ್ಲಿ ವೈದ್ಯಕೀಯ ಪುಸ್ತಕ ತೆಗೆದು ಓದಿದ್ದ, ಡಾಕ್ಟರ್ ಗೆಳೆಯರನ್ನು ಕೇಳಿದ್ದ. ಇಂಥ ಗಂಟಲು ಬೇನೆ ಕ್ಯಾನ್ಸರಿಗೆ ತಿರುಗುತ್ತದೆ ಅಂತ ಅವನಿಗೆ ಗೊತ್ತಾಗಿತ್ತು. ಇಪ್ಪತ್ತೆರಡು ವರ್ಷದ ಹುಡುಗ, ಮನೆಯಲ್ಲಿ ತಂದೆ ಸತ್ತು ಸಾಲ, ಕೋರ್ಟು ಅಂತ ತಲೆ ಕೆಟ್ಟುಹೋಗಿದ್ದ ಸಮಯ. ಎಲ್ಲರೂ ಬರ್ಫ, ಮಳೆ, ಭಾಷಣ ಅನ್ನುತ್ತಿದ್ದಾಗ ಆ ಹೆಸರು ಹಿಡಿದು ಮಾತಾಡಿದವನು ಅವನು.

ಏಪ್ರಿಲ್‌ನಿಂದ ಸೆಪ್ಟೆಂಬರ್. ಐದು ತಿಂಗಳ ಮೇಲಾಗಿತ್ತು.

ಇನ್ನೂ ಕೆಲವು ಲಕ್ಷಣಗಳನ್ನು ಇಲ್ಲೇ ಹೇಳಿಬಿಡಬೇಕು. ಕಿವಿ ನೋವು ಅಂತ ಹೋದರೆ ಕಿವಿಯೊಳಗೆ ಏನೂ ಇರುವುದಿಲ್ಲ, ಆದರೂ ಒಂದೇ ಕಡೆ ಚುಚ್ಚುತ್ತಿರುತ್ತದೆ. ಗಂಟಲಿನ ಮತ್ತು ಕಿವಿಯ ನರಗಳಿಗೆ ನಂಟಿದೆ, ಕೆಳಗಿನ ನೋವು ಮೇಲೆ ಕೇಳುತ್ತದೆ. ಕುತ್ತಿಗೆಯಲ್ಲಿ ಗಂಟು ಬರುತ್ತದೆ, ನೋಯುವುದಿಲ್ಲ. ನೋಯದ ಕಾರಣಕ್ಕೇ ಜನ ಬಿಟ್ಟುಬಿಡುತ್ತಾರೆ, ಅದೇ ಹೆಚ್ಚು ಹೆದರಬೇಕಾದ ಗಂಟು. ಉಗುಳಿನಲ್ಲಿ ರಕ್ತದ ಎಳೆ, ಕಾರಣವಿಲ್ಲದೆ ತೂಕ ಇಳಿಯೋದು, ಉಸಿರಾಡಿದರೆ ಸೀಟಿಯಂಥ ಸಪ್ಪಳ. ಗುಟ್ಕಾ, ಅಡಿಕೆ ಹಾಕುವವರಲ್ಲಿ ಇನ್ನೊಂದು ಇದೆ, ಬಾಯಿ ಪೂರ್ತಿ ತೆಗೆಯಲು ಬರುವುದಿಲ್ಲ. ಮೂರು ಬೆರಳು ಉದ್ದಕ್ಕೆ ಜೋಡಿಸಿ ಹಲ್ಲಿನ ನಡುವೆ ಹೋಗದಿದ್ದರೆ ತೋರಿಸಿಕೊಳ್ಳಬೇಕು. ಖಾರ ತಿಂದರೆ ಬಾಯಿ ಉರಿ ಅಂತ ಶುರುವಾಗುವ ಅದು ಕ್ಯಾನ್ಸರ್ ಅಲ್ಲ, ಆದರೆ ಕೆಲವರಲ್ಲಿ ಬಾಯಿ ಕ್ಯಾನ್ಸರಿಗೆ ತಿರುಗುತ್ತದೆ. ಖಾರಕ್ಕೆ ಹೆಸರಾದ ಸೀಮೆಯಲ್ಲಿ ಒಬ್ಬ ಹುಡುಗ ಖಾರ ಬಿಟ್ಟ ಅಂದರೆ ಮನೆಯವರು ಕೇಳಬೇಡವೇ?

ಕರ್ನಾಟಕದಲ್ಲಿ ಗುಟ್ಕಾ 2013ರ ಮೇ ಕೊನೆಗೆ ಬಂದ್ ಆಯಿತು. ಆಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಒಂದು ಚೀಟಿ ಅಂತ ಬೇರೆ ಬೇರೆ ಬಂತು, ಎರಡನ್ನೂ ಹರಿದು ಕೂಡಿಸಿಕೊಂಡರೆ ಮತ್ತೆ ಅದೇ. ಬರೀ ಅಡಿಕೆ ಏನೂ ಮಾಡಲ್ಲ ಅನ್ನುವವರಿಗೆ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಎಲೆ ಅಡಿಕೆಯನ್ನೂ ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿ ಇಪ್ಪತ್ತು ವರ್ಷದ ಮೇಲಾಯಿತು. ಬೀಡಿ, ಸಿಗರೇಟಿನ ಜೊತೆಗೆ ಸಾರಾಯಿ ಕೂಡಿದರೆ ಗಂಟಲಿಗೆ ಎರಡೂ ಸೇರಿ ಹೊಡೆಯುತ್ತವೆ. ಏನೂ ಚಟವಿಲ್ಲದವರಿಗೂ ಬರುತ್ತದೆ, ಎಚ್‌ಪಿವಿ ಎಂಬ ವೈರಸ್ಸಿನಿಂದಲೂ ಗಂಟಲಿನ ಕೆಲವು ಕ್ಯಾನ್ಸರ್ ಬರುತ್ತವೆ.

ದನಿ ಬದಲಾದರೆ ಕ್ಯಾನ್ಸರೇ ಅಂತಲ್ಲ, ಅದನ್ನೂ ಹೇಳಬೇಕು. ಹಾನಗಲ್ ಹೆಸರು ಹೊತ್ತ ಗಂಗೂಬಾಯಿ ಅವರದು ಮೊದಲು ಸಣ್ಣ ಹೆಣ್ಣು ದನಿ. ಗಂಟಲು ಬೇನೆಯಾಗಿ ಚಿಕಿತ್ಸೆ ಮಾಡಿಸಿದ ಮೇಲೆ ದನಿ ಗಡುಸಾಯಿತು, ಆ ಗಡಸು ದನಿಯಲ್ಲೇ ಅವರು ದೇಶಕ್ಕೆಲ್ಲ ಹಾಡಿದರು, 2009ರಲ್ಲಿ ತೀರಿಕೊಂಡಾಗ 96 ವರ್ಷ. ಹೆಚ್ಚಿನವರ ದನಿ ಒಡೆಯುವುದು ಸಣ್ಣ ಕಾರಣಕ್ಕೇ. ಯಾವುದು ಸಣ್ಣದು, ಯಾವುದು ದೊಡ್ಡದು ಅಂತ ಹೊರಗಿನಿಂದ ಕೇಳಿ ಹೇಳೋದಕ್ಕೆ ಬರಲ್ಲ, ಅದಕ್ಕೇ ತೋರಿಸಬೇಕು.

ಮತ್ತೆ ದಕ್ಷಿಣೇಶ್ವರಕ್ಕೆ. ರಕ್ತ ಬಂದ ಮೇಲೆ ಭಕ್ತರು ತಡಮಾಡಲಿಲ್ಲ. ಸೆಪ್ಟೆಂಬರ್ ಕೊನೆಗೆ ಕೋಲ್ಕತ್ತಾಕ್ಕೆ ಕರೆತಂದರು. ಮೊದಲು ಗೊತ್ತು ಮಾಡಿದ ಮನೆ ಇಕ್ಕಟ್ಟು ಅಂತ ಪರಮಹಂಸರು ಒಳಗೆ ಹೋಗದೇ ನಡೆದೇ ಬಲರಾಮ ಬೋಸರ ಮನೆಗೆ ಹೋಗಿಬಿಟ್ಟರು. ಅಲ್ಲಿ ಗಂಗಾಪ್ರಸಾದ ಸೇನ್ ಮೊದಲಾದ ಹೆಸರಾಂತ ಆಯುರ್ವೇದ ಪಂಡಿತರು ಬಂದು ನೋಡಿ ಇದು ರೋಹಿಣಿ ಅಂದರು. ಅವರ ಶಾಸ್ತ್ರದಲ್ಲಿ ಅದು ವಾಸಿಯಾಗದ ಗಂಟಲು ರೋಗ. ಅಕ್ಟೋಬರ್ ಮೊದಲಲ್ಲಿ ಶ್ಯಾಮಪುಕುರದ ಬಾಡಿಗೆ ಮನೆಗೆ ಬಂದರು, ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಚಿಕಿತ್ಸೆ ಶುರು ಮಾಡಿದರು.

ಸರ್ಕಾರರದು ಭಾರಿ ಹೆಸರು. ಕೋಲ್ಕತ್ತಾದಲ್ಲಿ ಎಂ.ಡಿ. ಮಾಡಿದ ಎರಡನೆಯವರು, ಇಂಗ್ಲಿಷ್ ಔಷಧ ಬಿಟ್ಟು ಹೋಮಿಯೋಪಥಿಗೆ ಹೋದವರು. 1876ರಲ್ಲಿ ಅವರು ಕಟ್ಟಿದ ವಿಜ್ಞಾನ ಸಂಸ್ಥೆಯಲ್ಲೇ ಮುಂದೆ ಸಿ.ವಿ. ರಾಮನ್ ನೊಬೆಲ್ ತಂದ ಸಂಶೋಧನೆ ಮಾಡಿದ್ದು. ದೇವರು, ಅವತಾರ ಅಂದರೆ ವಾದಕ್ಕೆ ನಿಲ್ಲುವ ಮನುಷ್ಯ. ರೋಗಿ ಮಾತಾಡಬಾರದು ಅಂತ ಕಟ್ಟುನಿಟ್ಟು ಮಾಡಿದ್ದು ಇವರೇ, ಕೆಲಸ ಬಿಟ್ಟು ಎದುರಿಗೆ ಕುಂತು ತಾಸುಗಟ್ಟಲೆ ಅವರ ಮಾತು ಕೇಳಿದ್ದೂ ಇವರೇ.

ಶಾರದಾದೇವಿ ಅಡಿಗೆಗೆ ಅಂತ ಬಂದರು. ಆ ಮನೆಯಲ್ಲಿ ಹೆಂಗಸರಿಗೆ ಬೇರೆ ಕೋಣೆ ಇರಲಿಲ್ಲ. ಎಲ್ಲರಿಗೂ ಮೊದಲು, ನಸುಕಿನ ಮೂರಕ್ಕೆ ಎದ್ದು ಸ್ನಾನ ಮುಗಿಸಿ, ಮಾಳಿಗೆ ಹತ್ತುವ ಮೆಟ್ಟಿಲ ಪಕ್ಕದ ಸಣ್ಣ ಜಾಗದಲ್ಲಿ ಹಗಲೆಲ್ಲಾ ಕುಂತು ಪಥ್ಯದ ಅಡಿಗೆ ಮಾಡುತ್ತಿದ್ದರು. ಮನೆಗೆ ಬರುತ್ತಿದ್ದ ಎಷ್ಟೋ ಜನಕ್ಕೆ ಅವರು ಅಲ್ಲಿದ್ದಾರೆ ಅನ್ನೋದೇ ಗೊತ್ತಿರಲಿಲ್ಲ. ಕ್ಯಾನ್ಸರ್ ರೋಗಿ ಇರುವ ಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಕಾಲಕ್ಕೆ ಜಗತ್ತಿನ ಬೇರೆ ಕಡೆ ಏನು ನಡೆದಿತ್ತು? ಅಮೆರಿಕದ ಮಾಜಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಭಾರಿ ಚುಟ್ಟಾ ಸೇದುವವರು. 1884ರ ಜೂನ್‌ನಲ್ಲಿ ಒಂದು ಪೀಚ್ ಹಣ್ಣು ತಿನ್ನುವಾಗ ಗಂಟಲಲ್ಲಿ ಚುಚ್ಚಿದಂತಾಯಿತು. ಅಕ್ಟೋಬರ್‌ವರೆಗೆ ಗಂಟಲಿನ ತಜ್ಞರ ಹತ್ತಿರ ಹೋಗಲಿಲ್ಲ. 1885ರ ಜುಲೈ 23ರಂದು ತೀರಿಕೊಂಡರು, ಆಗ ಪರಮಹಂಸರು ದಕ್ಷಿಣೇಶ್ವರದಲ್ಲಿ ಗಂಜಿ ನುಂಗಲು ಕಷ್ಟಪಡುತ್ತಿದ್ದರು. ಜರ್ಮನಿಯ ಯುವರಾಜ ಫ್ರೆಡರಿಕ್‌ಗೆ 1887ರ ಜನವರಿಯಲ್ಲಿ ದನಿ ಒಡೆಯಿತು, ಶೀತ ಅಂದುಕೊಂಡರು. ಯುರೋಪಿನ ದೊಡ್ಡ ದೊಡ್ಡ ಡಾಕ್ಟರುಗಳು ಕ್ಯಾನ್ಸರ್ ಹೌದು, ಅಲ್ಲ ಅಂತ ಜಗಳಾಡುತ್ತಾ ತಿಂಗಳು ಕಳೆದರು. ಅವರು ಪಟ್ಟಕ್ಕೆ ಬಂದಾಗ ಉಸಿರಿಗೆ ಕುತ್ತಿಗೆಯಲ್ಲಿ ತೂತು ಮಾಡಿ ಆಗಿತ್ತು, ದನಿ ಹೋಗಿತ್ತು, ಚೀಟಿ ಬರೆದು ರಾಜ್ಯ ಆಳಿದರು. 99 ದಿನ ಆಳಿ 1888ರ ಜೂನ್ 15ರಂದು ಸತ್ತರು. ಒಬ್ಬ ಸೇನಾಪತಿ, ಒಬ್ಬ ಚಕ್ರವರ್ತಿ, ಒಬ್ಬ ಗುಡಿ ಪೂಜಾರಿ. ದುಡ್ಡಿದ್ದವರಿಗೂ ಇಲ್ಲದವರಿಗೂ ಆಗ ಸಿಕ್ಕ ಫಲ ಒಂದೇ.

ಆಗ ಇದ್ದ ಸಲಕರಣೆ ಅಂದರೆ ಒಂದು ಸಣ್ಣ ಕನ್ನಡಿ. ಅದನ್ನು 1854ರಲ್ಲಿ ಬಳಸಿ ತನ್ನ ಧ್ವನಿಪೆಟ್ಟಿಗೆಯನ್ನೇ ತಾನು ನೋಡಿಕೊಂಡವರು ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತ ಮೇಷ್ಟ್ರು, ಡಾಕ್ಟರಲ್ಲ. ಎಕ್ಸ್‌ರೇ ಬಂದದ್ದು 1895ಕ್ಕೆ, ರೇಡಿಯಂ 1898ಕ್ಕೆ. ಪರಮಹಂಸರು ಮಲಗಿದ್ದ ಕಾಲಕ್ಕೆ ಇಲ್ಲಿ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿ, ಮುಂದೆ ಊರ ಹೆಸರಿನಿಂದಲೇ ಕಾದಂಬರಿಕಾರರಾದವರು, ಹದಿನಾರು ಹದಿನೇಳರ ಹುಡುಗ. ಆ ಕಾಲದಲ್ಲಿ ಗಂಟಲಿನ ಒಳಗಿನ ಹುಣ್ಣು ನೋಡುವವರು ಈ ಸೀಮೆಗೆ ಎಲ್ಲಿಂದ ಬರಬೇಕು?

ಈಗ ಹಾಗಿಲ್ಲ. ಹಾವೇರಿ ಜಿಲ್ಲಾಸ್ಪತ್ರೆಯಲ್ಲಿ, ಹುಬ್ಬಳ್ಳಿ ಕಿಮ್ಸ್‌ನಲ್ಲಿ ಗಂಟಲು ತೋರಿಸಬಹುದು. ಮೂಗಿನಿಂದ ತೆಳು ಕೊಳವೆ ಇಳಿಸಿ ನೋಡುತ್ತಾರೆ, ಅನುಮಾನ ಇದ್ದರೆ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚೂರು ತೆಗೆದರೆ ರೋಗ ಹಬ್ಬುತ್ತದೆ ಅನ್ನೋದು ಹಳ್ಳಿಗಳಲ್ಲಿ ಓಡಾಡುವ ಸುಳ್ಳು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಖರ್ಚು ಸಿಗುತ್ತದೆ. ಧ್ವನಿತಂತುವಿನ ಮೇಲೆ ಸಣ್ಣದಾಗಿರುವಾಗಲೇ ಸಿಕ್ಕರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಗುಣವಾಗುತ್ತಾರೆ, ದನಿಯೂ ಉಳಿಯುತ್ತದೆ. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಅಂಥವರಿಗೂ ಮಾತಾಡಲು ಬೆಂಗಳೂರಿನ ವೈದ್ಯರೊಬ್ಬರು ಬಹಳ ಕಡಿಮೆ ಬೆಲೆಯ ಸಾಧನ ಮಾಡಿದ್ದಾರೆ. ತಂಬಾಕು ಬಿಡಬೇಕು ಅನ್ನುವವರು ಸರ್ಕಾರದ 1800-11-2356 ನಂಬರಿಗೆ ಫೋನ್ ಮಾಡಬಹುದು, ದುಡ್ಡು ಬೀಳಲ್ಲ.

ಶ್ಯಾಮಪುಕುರದಲ್ಲಿ ಎರಡು ತಿಂಗಳ ಮೇಲೆ ಇದ್ದರೂ ಇಳಿಮುಖ ಕಾಣಲಿಲ್ಲ. ಊರ ಹೊರಗೆ ಗಾಳಿ ಚೆನ್ನಾಗಿರಲಿ ಅಂತ 1885ರ ಡಿಸೆಂಬರ್ 11ರಂದು ಕಾಶಿಪುರದ ತೋಟದ ಮನೆಗೆ ಕರೆದುಕೊಂಡು ಹೋದರು. ತಿಂಗಳಿಗೆ 80 ರೂಪಾಯಿ ಬಾಡಿಗೆ, ಆಗ ಅದು ದೊಡ್ಡ ದುಡ್ಡು. ಸುರೇಂದ್ರನಾಥ ಮಿತ್ರ ಎಂಬ ಭಕ್ತರು ಹೊತ್ತುಕೊಂಡರು. ನರೇಂದ್ರ ಮತ್ತು ಇತರ ಹುಡುಗರು ಮನೆ, ಕಾಲೇಜು ಬಿಟ್ಟು ಪಾಳಿ ಹಾಕಿಕೊಂಡು ಸೇವೆಗೆ ನಿಂತರು.

ಇಲ್ಲಿ ಒಂದು ಪ್ರಸಂಗ. ಈ ರೋಗ ಅಂಟುತ್ತೆ ಅನ್ನೋ ಮಾತು ಹುಡುಗರ ನಡುವೆ ಹುಟ್ಟಿಕೊಂಡಿತು. ಬಟ್ಟಲು ತೊಳೆಯೋಕೆ, ಹತ್ತಿರ ಹೋಗೋಕೆ ಕೆಲವರು ಹಿಂದೆಮುಂದೆ ನೋಡತೊಡಗಿದರು. ನರೇಂದ್ರ ಅದನ್ನು ಕಂಡು, ಗುರು ಕುಡಿದು ಬಿಟ್ಟ ಗಂಜಿಯ ಬಟ್ಟಲನ್ನು, ಅದರಲ್ಲಿ ಅವರ ಬಾಯಿಯ ಉಗುಳು, ಕೀವು ಬಿದ್ದಿದ್ದನ್ನೂ ಲೆಕ್ಕಿಸದೆ, ಎಲ್ಲರ ಎದುರಿಗೆ ಎತ್ತಿ ಕುಡಿದುಬಿಟ್ಟ. ಆಮೇಲೆ ಅಂಟುತ್ತೆ ಅನ್ನೋ ಮಾತು ನಿಂತಿತು. ಯಾರೂ ಹಾಗೆ ಕುಡಿಯಬೇಕಿಲ್ಲ, ಆದರೆ ವಿಷಯ ಮಾತ್ರ ನಿಜ, ಗಂಟಲು ಕ್ಯಾನ್ಸರ್ ಒಂದೇ ತಾಟಿನಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ ಬರುವುದಿಲ್ಲ. ಇವತ್ತಿಗೂ ಕ್ಯಾನ್ಸರ್ ಆದವರ ಲೋಟ, ತಾಟು ಬೇರೆ ಇಡುವ ಮನೆಗಳಿವೆ.

ರೋಗಿಗೆ ಶಕ್ತಿ ಬರಲಿ ಅಂತ ಮಾಂಸದ ಸಾರು, ಬಸವನಹುಳುವಿನ ಸಾರು ಕೊಡಿ ಅಂತ ಹೇಳಿದರು. ಜೀವಂತ ಹುಳು ಕುಟ್ಟಲು ಶಾರದಾದೇವಿಗೆ ಕೈ ಬರಲಿಲ್ಲ. ಪರಮಹಂಸರೇ ಹೇಳಿದ ಮೇಲೆ ಮಾಡಿಕೊಟ್ಟರು. ಒಮ್ಮೆ ಹಾಲಿನ ಪಾತ್ರೆ ಹಿಡಿದು ಮೆಟ್ಟಿಲು ಹತ್ತುವಾಗ ಜಾರಿ ಬಿದ್ದು ಕಾಲು ಉಳುಕಿತು, ಮೂರು ದಿನ ಮೇಲೆ ಹೋಗಲು ಆಗಲಿಲ್ಲ. ಎಲ್ಲ ಕೈಬಿಟ್ಟಂತಾದಾಗ ತಾರಕೇಶ್ವರದ ಶಿವನ ಗುಡಿಗೆ ಹೋಗಿ, ಅನ್ನ ನೀರು ಬಿಟ್ಟು ದೇವರ ಮುಂದೆ ಬಿದ್ದುಕೊಂಡರು. ಹರಕೆ ಫಲಿಸಲಿಲ್ಲ, ವಾಪಸು ಬಂದರು. ಗಳಗೇಶ್ವರನ ಊರಿನವರಿಗೆ ಈ ಹರಕೆಯ ಸಂಕಟ ಬೇರೆಯವರು ತಿಳಿಸಿ ಹೇಳಬೇಕಾದದ್ದಲ್ಲ.

ಯೋಗಬಲದಿಂದ ಗುಣ ಮಾಡಿಕೊಳ್ಳಿ ಅಂತ ಪಂಡಿತರೊಬ್ಬರು ಹೇಳಿದರು, ಮನಸ್ಸನ್ನು ನೋವಿನ ಜಾಗದಲ್ಲಿ ನಿಲ್ಲಿಸಿದರೆ ಸಾಕಂತೆ. ದೇವರಿಗೆ ಕೊಟ್ಟ ಮನಸ್ಸನ್ನು ಈ ಕೊಳೆಯುವ ಮೈಗೆ ವಾಪಸು ತರಲಾರೆ ಅಂತ ಪರಮಹಂಸರು ಒಪ್ಪಲಿಲ್ಲ. ನರೇಂದ್ರ ಹಟ ಹಿಡಿದ, ಒಂದು ತುತ್ತಾದರೂ ಇಳಿಯುವಂತೆ ಕಾಳಿಯನ್ನು ಕೇಳಿಕೊಳ್ಳಿ ಅಂತ. ಕೇಳಿದರಂತೆ. ಇಷ್ಟು ಜನರ ಬಾಯಲ್ಲಿ ನೀನೇ ಉಣ್ಣುತ್ತಿಲ್ಲವೇ ಅನ್ನೋ ಅರ್ಥದ ಉತ್ತರ ಬಂತು, ಮತ್ತೆ ಕೇಳಲು ನಾಚಿಕೆಯಾಯಿತು ಅಂತ ಹೇಳಿದರು. ಭಕ್ತರು ಇದನ್ನು ಬೇರೆ ಎತ್ತರದಲ್ಲಿ ಓದುತ್ತಾರೆ, ಓದಲಿ. ಮಂತ್ರ, ಅಂಗಾರದಿಂದ ಗಂಟಲು ಹುಣ್ಣು ಹೋಗುತ್ತೆ ಅಂತ ತಿಂಗಳು ಕಳೆಯುವವರು ಮಾತ್ರ ಒಂದು ಗಮನಿಸಬಹುದು, ಪರಮಹಂಸರಂಥವರೇ ಪವಾಡಕ್ಕೆ ಕೂರಲಿಲ್ಲ, ಡಾಕ್ಟರ್ ಬಂದಾಗ ಬಾಯಿ ತೆಗೆದು ತೋರಿಸಿದರು.

1886ರ ಜನವರಿ 1ರಂದು ಸ್ವಲ್ಪ ಹಗುರವೆನಿಸಿ ಕೆಳಗಿಳಿದು ತೋಟದಲ್ಲಿ ಅಡ್ಡಾಡಿದರು, ಭಕ್ತರನ್ನು ಮುಟ್ಟಿ ಹರಸಿದರು. ಕಲ್ಪತರು ದಿನ ಅಂತ ಈಗಲೂ ಅದನ್ನು ಆಚರಿಸುತ್ತಾರೆ. ಆಮೇಲೆ ಅಂಥ ಹಗುರ ಬರಲಿಲ್ಲ. ಮೈ ಎಲುಬಿನ ಗೂಡಾಯಿತು. ದನಿ ಮೊದಲು ಪಿಸುಮಾತಾಯಿತು, ಆಮೇಲೆ ಅದೂ ಹೋಗಿ ಸನ್ನೆಗೆ ಬಂದಿತು. ಜೀವನವೆಲ್ಲಾ ಮಾತಾಡಿದ ಮನುಷ್ಯ ಫೆಬ್ರುವರಿಯಲ್ಲಿ ಒಂದು ಕಾಗದದ ಚೂರಿನ ಮೇಲೆ, ನರೇಂದ್ರ ಜನಕ್ಕೆ ಕಲಿಸುತ್ತಾನೆ ಅಂತ ಕೈಯಾರೆ ಬರೆದುಕೊಟ್ಟರು. ತನ್ನಿಂದ ಆಗಲ್ಲ ಅಂತ ನರೇಂದ್ರ ಅಂದದ್ದಕ್ಕೆ, ಮಾಡಲೇಬೇಕು ಅಂತ ತಿಳಿಸಿದರು. ಏಳು ವರ್ಷದ ಮೇಲೆ ಷಿಕಾಗೋದಲ್ಲಿ ಎದ್ದು ನಿಂತದ್ದು ಅದೇ ನರೇಂದ್ರನ ದನಿ.

1886ರ ಆಗಸ್ಟ್ 15 ಭಾನುವಾರ. ಸಂಜೆ ಹಸಿವು ಅಂದರು. ಗಂಜಿ ಬಾಯಿಗೆ ಹಾಕಿದರೆ ಇಳಿಯಲಿಲ್ಲ, ರಾತ್ರಿ ಸ್ವಲ್ಪ ಇಳಿಯಿತು. ನಡುರಾತ್ರಿ ದಾಟಿ ಒಂದು ಗಂಟೆ ಸುಮಾರಿಗೆ ಮೈ ರೋಮಾಂಚನಗೊಂಡು ಸಮಾಧಿಗೆ ಹೋದರು. ಹುಡುಗರು ಇದು ದಿನದ ಸಮಾಧಿಯೇ ಅಂದುಕೊಂಡು ಬೆಳಗಾಗುವವರೆಗೆ ಕಾದರು. ಆಗ ಅವರಿಗೆ ಐವತ್ತು ವರ್ಷ, ಶಾರದಾದೇವಿಗೆ 32. ಸತ್ತವರ ರಿಜಿಸ್ಟರಿನಲ್ಲಿ ಕಾರಣದ ಕಾಲಂನಲ್ಲಿ ಬರೆದದ್ದು ಗಂಟಲು ಹುಣ್ಣು ಅಂತ.

ಮಧ್ಯಾಹ್ನ ಡಾಕ್ಟರ್ ಸರ್ಕಾರ್ ಬಂದು ನೋಡಿ, ಜೀವ ಹೋಗಿದೆ ಅಂತ ಖಾತ್ರಿ ಮಾಡಿದರು. ಹೋಗುವ ಮುಂಚೆ ಒಂದು ಫೋಟೋ ತೆಗೆಸಿ ಅಂತ ಹೇಳಿ ತಮ್ಮ ಕಿಸೆಯಿಂದ ಹತ್ತು ರೂಪಾಯಿ ಕೊಟ್ಟರು. ಮಂಚದ ಮೇಲೆ ಹೂವಿನ ನಡುವೆ ಸಣ್ಣ ಮೈ, ಹಿಂದೆ ಸಾಲಾಗಿ ನಿಂತ ಭಕ್ತರು. ಆ ಫೋಟೋ ಕೂಡ ಉಳಿದಿದೆ.